ಹಗುರ ಕಾರಿನ ಹರಿಕಾರ ಕಾಲಿನ್ ಚಾಪ್‌ಮನ್

ತೂಕ ಇಳಿಸಿ ಸಸ್ಪೆನ್ಶನ್ ಸುಧಾರಿಸಿದರೆ ಸಣ್ಣ ಎಂಜಿನ್ನಿನ ಕಾರೂ ರೇಸ್ ಗೆಲ್ಲಬಲ್ಲದು ಎಂದು ತೋರಿಸಿಕೊಟ್ಟವರು ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್. 1928ರ ಮೇ 19ರಂದು ರಿಚ್ಮಂಡ್‌ನಲ್ಲಿ ಜನಿಸಿದ ಅವರು ಲಂಡನ್ನಿನಲ್ಲಿ ಎಂಜಿನಿಯರಿಂಗ್ ಕಲಿತರು. 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಒಂದನ್ನು ಬಿಚ್ಚಿ ತಮ್ಮ ಮೊದಲ ಕಾರು ಕಟ್ಟಿದರು. 1952ರಲ್ಲಿ ಲೋಟಸ್ ಕಂಪೆನಿ ಆರಂಭಿಸಿದರು.

ಲೋಟಸ್ ಮಾರ್ಕ್ 6 ಕಾರಿಗೆ ಅವರು ಬಳಸಿದ್ದು ಫೋರ್ಡ್ ಕಾರಿನ ಮುಂದಿನ ಅಚ್ಚು. ಎತ್ತಿನ ಗಾಡಿಯ ಅಚ್ಚಿನಂತೆ ಒಂದೇ ತುಂಡಾಗಿದ್ದ ಅದನ್ನು ನಡುವೆ ಕತ್ತರಿಸಿ ಕೀಲು ಜೋಡಿಸಿದರು. ಒಂದು ಚಕ್ರ ಗುಂಡಿಗೆ ಇಳಿದರೂ ಇನ್ನೊಂದು ತನ್ನ ಪಾಡಿಗೆ ಓಡತೊಡಗಿತು. 1962ರ ಎಲಾನ್ ಕಾರಿನ ತೂಕ 700 ಕಿಲೋ ಕೂಡ ಇರಲಿಲ್ಲ. ಮೃದುವಾದ ಸ್ಪ್ರಿಂಗ್, ಅದನ್ನು ಹದ್ದುಬಸ್ತಿನಲ್ಲಿಡುವ ಡ್ಯಾಂಪರ್ ಅದರ ಗುಟ್ಟು.

ಆದರೆ ಹಗುರತನಕ್ಕೆ ಬೆಲೆಯೂ ತೆರಬೇಕಾಯಿತು. 1960ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಚಕ್ರ ಕಳಚಿ ಸ್ಟರ್ಲಿಂಗ್ ಮಾಸ್ ಅವರ ಕಾಲುಗಳು ಮುರಿದವು. 1970ರಲ್ಲಿ ಇಟಲಿಯ ಮೊಂಜಾದಲ್ಲಿ ಯೋಹೆನ್ ರಿಂಟ್ ಲೋಟಸ್ ಕಾರಿನಲ್ಲೇ ಪ್ರಾಣ ಬಿಟ್ಟರು. ಆ ವರ್ಷದ ವಿಶ್ವ ಪ್ರಶಸ್ತಿ ಅವರಿಗೆ ಸಂದದ್ದು ಮರಣದ ನಂತರ. ಲೋಟಸ್ ಕಾರು ವೇಗದ್ದು, ಆದರೆ ನಾಜೂಕಿನದು ಎಂಬ ಮಾತು ಚಾಪ್‌ಮನ್‌ರನ್ನು ಕೊನೆಯವರೆಗೂ ಬಿಡಲಿಲ್ಲ.

1963ರಿಂದ 1978ರೊಳಗೆ ಲೋಟಸ್ 7 ಬಾರಿ ಫಾರ್ಮುಲಾ ಒನ್ ತಂಡ ಪ್ರಶಸ್ತಿ ಗೆದ್ದಿತು. 1982ರ ಡಿಸೆಂಬರ್ 16ರಂದು, 54ನೇ ವಯಸ್ಸಿನಲ್ಲಿ ಚಾಪ್‌ಮನ್ ಹೃದಯಾಘಾತದಿಂದ ನಿಧನರಾದರು. ತೂಕ ಎಲ್ಲಿ ತೆಗೆಯಬೇಕು, ಎಲ್ಲಿ ಬಿಡಬೇಕು ಎಂಬ ಪ್ರಶ್ನೆಯನ್ನು ಹಗುರ ಕಾರು ಕಟ್ಟುವವರಿಗೆ ಅವರ ಬದುಕು ಇಂದಿಗೂ ಕೇಳುತ್ತಿದೆ.