ಉಭಯ ಲೋಕಾಧೀಶ್ವರ ಧೋಂಡಿಯ ವಾಘ್

ಸಂಜೆಯ ಹೊತ್ತು ತುಂಗಾ ನದಿಯ ದಂಡೆಯಲ್ಲಿ ತಿರುಗಾಡಿ, ಕೋಟೆ ಆಂಜನೇಯನಿಗೆ ಕೈಮುಗಿದು, ಕೋಟೆ ರಸ್ತೆಯಿಂದ ಬಸ್ ನಿಲ್ದಾಣದ ಕಡೆಗೆ ನಡೆಯುವ ನಮ್ಮಲ್ಲಿ ಎಷ್ಟು ಮಂದಿ ಆ ರಸ್ತೆಯ ಹೆಸರಿನ ಕಾರಣವನ್ನು ಯೋಚಿಸಿದ್ದೇವೆ? ಪ್ರತಿದಿನ ಭದ್ರಾವತಿಯಿಂದ ಶಿವಮೊಗ್ಗೆಗೆ ಬಸ್ಸಿನಲ್ಲಿ ಬಂದು ಹೋಗುವ ನಾನಂತೂ ಎರಡು ವರ್ಷ ಯೋಚಿಸಿರಲಿಲ್ಲ. ಅಂತಿಮ ತರಗತಿಯಲ್ಲಿ ಮೈಸೂರಿನ ಇತಿಹಾಸವನ್ನು ಓದುವಾಗ ಅಧ್ಯಾಪಕರು ಒಂದು ಹೆಸರನ್ನು ಹೇಳಿ ಮುಂದೆ ಹೋದರು. ಅವರು ಮುಂದೆ ಹೋದರೂ ನನ್ನ ಮನಸ್ಸು ಅಲ್ಲೇ ನಿಂತಿತು. ಆ ಹೆಸರು ಧೋಂಡಿಯ ವಾಘ್.

ಈಗಿನ ಪತ್ರಿಕೆಗಳಲ್ಲಿ ಭೂಗತ ಲೋಕದ ದೊರೆಗಳೆಂದು ಕೆಲವರನ್ನು ಕರೆಯುವುದುಂಟು. ಒಂದು ಲೋಕಕ್ಕೆ ದೊರೆಯಾದವನ ಸುದ್ದಿಯೇ ಮುಖಪುಟಕ್ಕೆ ಬರುವುದಾದರೆ, ತನ್ನನ್ನು ಉಭಯ ಲೋಕಾಧೀಶ್ವರನೆಂದು, ಅಂದರೆ ಇಹಪರಗಳೆರಡಕ್ಕೂ ಒಡೆಯನೆಂದು ಕರೆದುಕೊಂಡ ದರೋಡೆಗಾರನೊಬ್ಬನು ನಮ್ಮ ನೆಲದಲ್ಲೇ ಹುಟ್ಟಿದ್ದನೆಂಬುದು ಸೋಜಿಗವಲ್ಲವೇ? ಆತನ ಜನ್ಮಸ್ಥಳ ಚನ್ನಗಿರಿ. ಚನ್ನಗಿರಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ಅದಕ್ಕೆ ಮೊದಲು ನಮ್ಮ ಜಿಲ್ಲೆಯ ತಾಲ್ಲೂಕೇ ಆಗಿತ್ತು.

ಆತನದು ಮರಾಠ ಮನೆತನ. ವಾಘ್ ಎಂದರೆ ಮರಾಠಿಯಲ್ಲಿ ಹುಲಿ. ಹೈದರಾಲಿಯ ಕಾಲದಲ್ಲಿ ಮೈಸೂರಿನ ಸೈನ್ಯದಲ್ಲಿ ಕುದುರೆ ಸವಾರನಾಗಿ ಸೇರಿಕೊಂಡನು. ಬಾಲ್ಯದ ವಿಷಯ ಹೇಳುವಷ್ಟೇನೂ ಇಲ್ಲ. ಬಡವರ ಮಕ್ಕಳ ಬಾಲ್ಯವನ್ನು ಆ ಕಾಲದಲ್ಲಿ ಯಾರು ಬರೆದಿಡುತ್ತಿದ್ದರು? ಕುದುರೆಯ ಬೆನ್ನೇರಿದ ಮೇಲೆಯೇ ಆತನು ಚರಿತ್ರೆಯ ಕಣ್ಣಿಗೆ ಬೀಳುವುದು.

1792ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ ಟಿಪ್ಪು ಸುಲ್ತಾನನ ಸೇನೆ ಕಷ್ಟಕ್ಕೆ ಸಿಕ್ಕಿತು. ಧೋಂಡಿಯನು ಆ ಸಮಯ ನೋಡಿ, ಕೈಗೆ ಸಿಕ್ಕಷ್ಟು ಲೂಟಿಯೊಡನೆ ಸೈನ್ಯವನ್ನು ಬಿಟ್ಟು ಧಾರವಾಡದ ಸೀಮೆಗೆ ಓಡಿಹೋದನು. ಅಲ್ಲಿ ತನ್ನಂತಹವರನ್ನೇ ಕೂಡಿಸಿ ಒಂದು ಗುಂಪು ಕಟ್ಟಿ ಹಾವೇರಿ, ಸವಣೂರುಗಳ ಸುತ್ತ ಸುಲಿಗೆಗೆ ತೊಡಗಿದನು. ಆ ಸೀಮೆ ಮರಾಠರ ಕೈಯಲ್ಲಿತ್ತು. ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆಯು ಇವನ ಬೆನ್ನಟ್ಟಿ ಹೊಡೆದನು. ಈ ಗೋಖಲೆಯ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬರುತ್ತದೆ.

ಎಲ್ಲಿಯೂ ನೆಲೆಯಿಲ್ಲದಂತಾಗಿ 1794ರಲ್ಲಿ ಸುಮಾರು 200 ಸವಾರರೊಡನೆ ಧೋಂಡಿಯನು ಮರಳಿ ಶ್ರೀರಂಗಪಟ್ಟಣಕ್ಕೇ ಬಂದನು. ಬಿಟ್ಟು ಓಡಿದ ಒಡೆಯನ ಬಾಗಿಲಿಗೇ ಬರುವುದೆಂದರೆ ಎಂತಹ ಎದೆಗಾರಿಕೆ! ಟಿಪ್ಪು ಮೊದಲು ಆದರಿಸಿದನಾದರೂ ಕೊನೆಗೆ ಆತನನ್ನು ಸೆರೆಗೆ ತಳ್ಳಿದನು. ಬಲವಂತದಿಂದ ಮತಾಂತರ ಮಾಡಿಸಿದನೆಂದು ಇಂಗ್ಲಿಷ್ ಇತಿಹಾಸಕಾರರು ಬರೆದಿದ್ದಾರೆ. ಶೇಖ್ ಅಹಮದ್, ಮಲಿಕ್ ಜಹಾನ್ ಖಾನ್ ಎಂಬ ಹೆಸರುಗಳು ಆತನಿಗೆ ಬಂದದ್ದು ಹೀಗೆ. ಆದರೆ ಜನರ ಬಾಯಲ್ಲಿ ಆತನು ಕೊನೆಯವರೆಗೂ ಧೋಂಡಿಯನೇ. ಸುಮಾರು ಐದು ವರ್ಷ ಸೆರೆಮನೆಯಲ್ಲಿ ಕಳೆದವು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಸುಲ್ತಾನನು ಕೋಟೆಯ ಬಾಗಿಲಲ್ಲೇ ಹೋರಾಡಿ ಮಡಿದನು. ಆ ಗೊಂದಲದಲ್ಲಿ ಸೆರೆಮನೆಯ ಬಾಗಿಲುಗಳೂ ತೆರೆದವು. ಹೊರಗೆ ಬಂದವರಲ್ಲಿ ಧೋಂಡಿಯನೂ ಒಬ್ಬ. ಗೆದ್ದವರು ಅಂದು ಆ ಕೈದಿಯತ್ತ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಮುಂದಿನ ಹದಿನಾರು ತಿಂಗಳು ಅವರಿಗೆ ಅಷ್ಟು ಓಡಾಟ ತಪ್ಪುತ್ತಿತ್ತು.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ನಿಂತು ವಿಚಾರಿಸಬೇಕು. ರಾಜ್ಯವನ್ನು ಗೆದ್ದ ಕಂಪನಿ ಸರ್ಕಾರವು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಗದ್ದುಗೆಯ ಮೇಲೆ ಕೂರಿಸಿತು; ಪೂರ್ಣಯ್ಯನವರು ದಿವಾನರಾದರು. ಆದರೆ ಸುಲ್ತಾನನ ದೊಡ್ಡ ಸೈನ್ಯದ ಗತಿ? ಅದನ್ನು ಚದುರಿಸಿಬಿಟ್ಟರು. ಕತ್ತಿ ಹಿಡಿಯುವುದನ್ನು ಬಿಟ್ಟು ಬೇರೆ ಕಸುಬು ತಿಳಿಯದ ಸಾವಿರಾರು ಸವಾರರು ಒಂದೇ ಬೇಸಿಗೆಯಲ್ಲಿ ಸಂಬಳವಿಲ್ಲದೆ ಬೀದಿಗೆ ಬಿದ್ದರು. ಮನೆಯಲ್ಲಿ ಹೆಂಡತಿ ಮಕ್ಕಳಿಗೆ ಅನ್ನವಿಲ್ಲ, ಕುದುರೆಗೆ ಹುರುಳಿಯಿಲ್ಲ. ಧೋಂಡಿಯನು ಬಿದನೂರಿನ ಸೀಮೆಯತ್ತ ಸಾಗಿದಂತೆಲ್ಲ ಇಂಥವರು ಬಂದು ಕೂಡಿಕೊಂಡರು. ಆತನು ಅವರನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಕಾರ್ಖಾನೆಯ ಊರಿನಲ್ಲಿ ಹುಟ್ಟಿದ ನನಗೆ ಈ ಮಾತು ಬೇಗ ಅರ್ಥವಾಗುತ್ತದೆ. ಒಂದು ಊರಿನ ಕೆಲಸ ನಿಂತರೆ ಆ ಊರಿನ ಸಂಜೆಗಳೇ ಬದಲಾಗುತ್ತವೆ. ನಮ್ಮ ತಂದೆಯವರು ಕೂಲಿಯಿಲ್ಲದ ತಿಂಗಳುಗಳಲ್ಲಿ ಮನೆಯ ಜಗುಲಿಯ ಮೇಲೆ ಮಾತಿಲ್ಲದೆ ಕುಳಿತಿದ್ದುದನ್ನು ನಾನು ಕಂಡಿದ್ದೇನೆ.

ಕೆಲವೇ ವಾರಗಳಲ್ಲಿ ಶಿವಮೊಗ್ಗ, ಹೊನ್ನಾಳಿ, ಶಿಕಾರಿಪುರಗಳ ಕೋಟೆಗಳು ಧೋಂಡಿಯನ ಕೈ ಸೇರಿದವು. ಶಿವಮೊಗ್ಗೆಗಾದರೋ ಇದು ಹುಣ್ಣಿನ ಮೇಲೆ ಬರೆ. 1791ರ ಡಿಸೆಂಬರ್ ತಿಂಗಳಲ್ಲಿ ಪರಶುರಾಮ ಭಾವುವಿನ ಮರಾಠಾ ಸೈನ್ಯ ಇಲ್ಲಿ ಟಿಪ್ಪುವಿನ ದಂಡನ್ನು ಸೋಲಿಸಿ ಊರನ್ನು ಕೊಳ್ಳೆ ಹೊಡೆದಿತ್ತು. ಎಂಟು ವರ್ಷ ತುಂಬುವುದರೊಳಗೆ ಮತ್ತೆ ಕುದುರೆಗಳ ಸದ್ದು.

ಆತನ ಸೈನ್ಯ ನಡೆಯುತ್ತಿದ್ದ ಬಗೆ ಹೀಗೆ. ತಿಂಗಳ ಸಂಬಳವೆಂಬುದಿಲ್ಲ. ಲೂಟಿಯಲ್ಲಿ ಪಾಲು. ಸ್ವಂತ ಕುದುರೆ ತಂದವನ ಪಾಲು ಬೇರೆ, ಒಡೆಯನ ಕುದುರೆ ಏರಿದವನದು ಬೇರೆ. ಊರಿನ ಮುಖ್ಯಸ್ಥರು ಕೇಳಿದಷ್ಟು ಹಣ, ಧಾನ್ಯ ಕೊಟ್ಟರೆ ಊರು ಉಳಿಯಿತು, ಇಲ್ಲವಾದರೆ ಇಲ್ಲ. ಇಂತಹ ಸೈನ್ಯ ಬೆಳೆಯುವುದೂ ಬೇಗ, ಕರಗುವುದೂ ಬೇಗ. ಒಂದು ಊರಿನಲ್ಲಿ ಹದಿನೈದು ದಿನ ನಿಂತರೆ ಆ ಊರಿನ ಕಣಜ ಬರಿದಾಗುತ್ತದೆ, ಆದ್ದರಿಂದ ನಿಲ್ಲುವಂತಿಲ್ಲ. ಪಾಲು ಕೊಡಲು ಹೊಸ ಊರು ಬೇಕು, ಹೊಸ ಊರು ಹಿಡಿಯಲು ಹೆಚ್ಚು ಜನ ಬೇಕು, ಹೆಚ್ಚು ಜನಕ್ಕೆ ಹೆಚ್ಚು ಪಾಲು ಬೇಕು. ಧೋಂಡಿಯನು ಈ ಗಾಣಕ್ಕೆ ತನ್ನನ್ನು ತಾನೇ ಕಟ್ಟಿಕೊಂಡನೆಂದು ನನಗೆ ತೋರುತ್ತದೆ.

ಕಂಪನಿಯವರು ಬಹಳ ದಿನ ಸುಮ್ಮನಿರಲಿಲ್ಲ. 1799ರ ಮಳೆಗಾಲದಲ್ಲಿ ಕರ್ನಲ್ ಸ್ಟೀವನ್‌ಸನ್ ಮತ್ತು ಡಾಲ್‌ರಿಂಪಲ್ ಎಂಬಿಬ್ಬರು ಅಧಿಕಾರಿಗಳು ಎರಡು ಕಡೆಗಳಿಂದ ನಮ್ಮ ಸೀಮೆಯನ್ನು ಹೊಕ್ಕರು. ತುಂಗೆ ಭದ್ರೆಗಳೆರಡೂ ತುಂಬಿ ಹರಿಯುವ ಆಗಸ್ಟ್ ತಿಂಗಳು. ಕೂಡಲಿಯ ಸಂಗಮವನ್ನು ಆ ತಿಂಗಳಲ್ಲಿ ಕಂಡವರಿಗೆ ಆಗ ದಂಡು ದಾಟಿಸುವುದೆಂದರೇನೆಂದು ಹೇಳಬೇಕಾಗಿಲ್ಲ. ಆದರೂ ಕೋಟೆಗಳು ಒಂದೊಂದಾಗಿ ಬಿದ್ದವು. ಶಿವಮೊಗ್ಗದ ಕೋಟೆಯನ್ನು ಲಗ್ಗೆ ಹತ್ತಿ ಹಿಡಿದರು. ಸಿಕ್ಕಿದ ದರೋಡೆಗಾರರನ್ನು ಗಲ್ಲಿಗೇರಿಸಿದರು. ಶಿಕಾರಿಪುರದ ಬಳಿ ಧೋಂಡಿಯನು ಸೋತು ತುಂಗಭದ್ರೆಯನ್ನು ದಾಟಿ ಮರಾಠರ ಸೀಮೆಗೆ ಪಾರಾದನು. ಶಿಕಾರಿಪುರದ ಹುಚ್ಚರಾಯಸ್ವಾಮಿಗೆ ಆತನು ತನ್ನ ಕತ್ತಿಯನ್ನು ಒಪ್ಪಿಸಿದನೆಂಬ ಹೇಳಿಕೆ ಆ ಊರಿನಲ್ಲಿದೆ.

ಪೇಶ್ವೆಯ ಗಡಿ ದಾಟಬಾರದೆಂಬ ಅಪ್ಪಣೆಯಿದ್ದುದರಿಂದ ಕಂಪನಿಯ ದಂಡು ಹೊಳೆಯ ಈಚೆ ದಡದಲ್ಲೇ ನಿಂತಿತು. ಆಚೆ ದಡದಲ್ಲಿ ಹಳೆಯ ವೈರಿ ಗೋಖಲೆ ಕಾದಿದ್ದನು. ಆತನು ಧೋಂಡಿಯನ ಪಾಳೆಯದ ಮೇಲೆ ಬಿದ್ದು ಆನೆ, ಒಂಟೆಗಳನ್ನು ಕಿತ್ತುಕೊಂಡನು. ಆಗ ಧೋಂಡಿಯನು, ಗೋಖಲೆಯ ಎದೆಯ ರಕ್ತದಿಂದ ತನ್ನ ಮೀಸೆಗೆ ಬಣ್ಣ ಹಚ್ಚುವೆನೆಂದು ಶಪಥ ಮಾಡಿದನೆಂಬ ಕಥೆಯನ್ನು ಇತಿಹಾಸಕಾರರೂ ಬರೆದಿಟ್ಟಿದ್ದಾರೆ.

ಇಲ್ಲಿಗೆ ಕಥೆ ಮುಗಿಯಿತೆಂದು ಎಲ್ಲರೂ ಎಣಿಸಿದ್ದರು. ಆದರೆ 1800ರ ಬೇಸಿಗೆಯ ಹೊತ್ತಿಗೆ ಧೋಂಡಿಯನು ಮೊದಲಿಗಿಂತಲೂ ಹೆಚ್ಚಿನ ಬಲದೊಡನೆ ಎದ್ದು ನಿಂತಿದ್ದನು. ಮರಾಠರ ಸರದಾರರು ತಮ್ಮ ತಮ್ಮಲ್ಲಿಯೇ ಕಚ್ಚಾಡುತ್ತಿದ್ದ ಕಾಲ. ಸವಣೂರು, ಕುಂದಗೋಳ, ಡಂಬಳಗಳ ಸೀಮೆ ಬಹುಮಟ್ಟಿಗೆ ಆತನ ಕೈಯಲ್ಲಿತ್ತು. ಉಭಯ ಲೋಕಾಧೀಶ್ವರನೆಂಬ ಬಿರುದು ಈ ಏರುಗಾಲದ್ದು. ಬಳಂ ಸೀಮೆಯ ಕೃಷ್ಣಪ್ಪ ನಾಯಕನೂ ಮಲಬಾರಿನ ಪಳಸ್ಸಿ ರಾಜನೂ ಅದೇ ಕಾಲದಲ್ಲಿ ಕಂಪನಿಯನ್ನು ಎದುರಿಸಿ ನಿಂತಿದ್ದರು. ದಕ್ಷಿಣದಲ್ಲೆಲ್ಲ ಒಂದೇ ಬೆಂಕಿ ಹತ್ತಿಕೊಂಡೀತೆಂದು ಮದರಾಸಿನ ಸರ್ಕಾರಕ್ಕೆ ದಿಗಿಲಾಯಿತು. ಸಿಕ್ಕ ಕೂಡಲೆ ಕಂಡ ಮರಕ್ಕೆ ನೇತುಹಾಕಬೇಕೆಂಬ ಆಜ್ಞೆ ಹೊರಟಿತು.

ಆ ಆಜ್ಞೆಯನ್ನು ಪಡೆದವನು ಆರ್ಥರ್ ವೆಲ್ಲೆಸ್ಲಿ. ಗವರ್ನರ್ ಜನರಲನ ತಮ್ಮ; ಆಗಿನ್ನೂ ಮೂವತ್ತೊಂದರ ಪ್ರಾಯದ ಕರ್ನಲ್. ಮುಂದೆ 1815ರಲ್ಲಿ ವಾಟರ್ಲೂ ಕಾಳಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಜಗತ್ಪ್ರಸಿದ್ಧನಾದ ವೆಲ್ಲಿಂಗ್ಟನ್ ಪ್ರಭು ಈತನೇ. ಅದೇ ವರ್ಷ ಜಾವಾದ ಬಟೇವಿಯಾ ಮೇಲಿನ ದಂಡಯಾತ್ರೆಯ ನಾಯಕತ್ವ ಈತನಿಗೆ ಬಂದಿತ್ತು. ಧೋಂಡಿಯನನ್ನು ಮುಗಿಸದೆ ಹೋಗುವುದು ತರವಲ್ಲವೆಂದು ಅದನ್ನು ಬಿಟ್ಟುಕೊಟ್ಟನು. ಚನ್ನಗಿರಿಯ ಒಬ್ಬ ಸವಾರನಿಗಾಗಿ ಒಂದು ದ್ವೀಪದ ದಂಡಯಾತ್ರೆಯನ್ನು ಬಿಟ್ಟುಕೊಟ್ಟನೆಂದರೆ ಆ ಸವಾರನ ತೂಕವೆಷ್ಟೆಂದು ಊಹಿಸಬಹುದು.

ವೆಲ್ಲೆಸ್ಲಿಯು ಗೆದ್ದದ್ದು ಕತ್ತಿಯಿಂದ ಎನ್ನುವುದಕ್ಕಿಂತ ಎತ್ತಿನಿಂದ ಎಂದರೆ ಹೆಚ್ಚು ಸರಿ. ತನ್ನ ದಂಡಿಗೆ ಅಕ್ಕಿ ಎಲ್ಲಿಂದ ಬರುತ್ತದೆ, ಎತ್ತುಗಳಿಗೆ ಮೇವೆಲ್ಲಿ, ಹೊಳೆ ತುಂಬಿದರೆ ದೋಣಿಯೆಲ್ಲಿ ಎಂಬುದನ್ನೇ ಆತನು ರಾತ್ರಿ ಹಗಲು ಲೆಕ್ಕ ಹಾಕುತ್ತಿದ್ದನು. ಹೇರೆತ್ತುಗಳ ಮೇಲೆ ಧಾನ್ಯ ಸಾಗಿಸುತ್ತಿದ್ದ ಬಂಜಾರರು, ಎಂದರೆ ನಮ್ಮ ಲಂಬಾಣಿಗರು, ದಂಡಿನ ಹಿಂದೆ ಸಾಗಿದರು. ಲೂಟಿಯನ್ನು ನಂಬಿದ ಸೈನ್ಯ ಊರು ಸಿಕ್ಕಿದರೆ ಉಂಡಿತು. ಇವರ ಸೈನ್ಯ ಊರು ಸಿಕ್ಕದಿದ್ದರೂ ಉಂಡಿತು. ಪೂರ್ಣಯ್ಯನವರು ಕಳುಹಿದ ಮೈಸೂರಿನ ಸವಾರರೂ ಜೊತೆಗಿದ್ದರು. ಈ ಸಲ ಗಡಿ ದಾಟಲು ಪೇಶ್ವೆಯ ಒಪ್ಪಿಗೆಯೂ ದೊರೆತಿತ್ತು.

ಜೂನ್ 24ರಂದು ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ, 27ರಂದು ರಾಣೆಬೆನ್ನೂರನ್ನು ಹಿಡಿದರು. ಜೂನ್ 30ರಂದು ಕಿತ್ತೂರಿನ ಬಳಿ ಧೋಂಡಿಯನು ಗೋಖಲೆಯ ಮೇಲೆ ಬಿದ್ದು ಆತನನ್ನು ಕೊಂದನು. ಮೀಸೆಯ ಶಪಥವೂ ನೆರವೇರಿತೆಂದು ಹೇಳುತ್ತಾರೆ. ಗೋಖಲೆಯ ಅಣ್ಣನ ಮಗ ಬಾಪು ಗೋಖಲೆ ಉಳಿದುಕೊಂಡನು. 1818ರಲ್ಲಿ ಆಷ್ಟಿಯ ಕಾಳಗದಲ್ಲಿ ಇಂಗ್ಲಿಷರೊಡನೆ ಹೋರಾಡಿ ಮಡಿದ ಪೇಶ್ವೆಯ ಕಡೆಯ ಸೇನಾಪತಿ ಈತನೇ.

ಅದೇ ಧೋಂಡಿಯನ ಕಡೆಯ ಗೆಲುವು. ಜುಲೈ 14ರಂದು ಕುಂದಗೋಳ, 26ರಂದು ಡಂಬಳ ಬಿದ್ದವು. 30ರಂದು ಮಲಪ್ರಭೆಯ ದಂಡೆಯ ಮುನವಳ್ಳಿಯಲ್ಲಿ ಆತನ ಸಾಮಾನು ಸರಂಜಾಮುಗಳ ಪಾಳೆಯವೇ ವೆಲ್ಲೆಸ್ಲಿಗೆ ಸಿಕ್ಕಿತು. ತುಂಬಿದ ಹೊಳೆ ಹಿಂದೆ, ಕುದುರೆಗಳು ಮುಂದೆ. ಅನೇಕರು ನೀರಿಗೆ ಬಿದ್ದು ಮುಳುಗಿಹೋದರು. ಅವರಲ್ಲಿ ಹೆಂಗಸರೆಷ್ಟು, ಮಕ್ಕಳೆಷ್ಟು, ಲೆಕ್ಕವಿಟ್ಟವರಿಲ್ಲ. ಹಂಚಲು ಪಾಲಿಲ್ಲದ ನಾಯಕನ ಹಿಂದೆ ಯಾರು ಎಷ್ಟು ದಿನ ಬಂದಾರು? ಕೂಡಿದ ಸವಾರರು ಬಂದ ವೇಗದಲ್ಲೇ ಚದುರತೊಡಗಿದರು.

ಮಲಪ್ರಭೆಯ ಬಯಲುಗಳಿಂದ ನಿಜಾಮನ ರಾಯಚೂರು ಸೀಮೆಯವರೆಗೆ ಬೇಟೆ ನಡೆಯಿತು. ಸೆಪ್ಟೆಂಬರ್ 10ರ ಬೆಳಿಗ್ಗೆ ಕೊಣಗಲ್ ಎಂಬ ಊರಿನ ಬಳಿ ಇಬ್ಬರೂ ಮುಖಾಮುಖಿಯಾದರು. ಧೋಂಡಿಯನ ಬಳಿ ಇನ್ನೂ ಸುಮಾರು 5000 ಸವಾರರಿದ್ದರು. ವೆಲ್ಲೆಸ್ಲಿಯ ಕಾಲಾಳುಗಳು ಹಿಂದೆ ಉಳಿದಿದ್ದರು. ಜೊತೆಗಿದ್ದದ್ದು ನಾಲ್ಕು ರೆಜಿಮೆಂಟು ಕುದುರೆದಂಡು ಮಾತ್ರ. ಅದನ್ನು ಒಂದೇ ಸಾಲಾಗಿ ನಿಲ್ಲಿಸಿ ತಾನೇ ಮುಂದಾಗಿ ನುಗ್ಗಿದನು. ಧೋಂಡಿಯನು ಸ್ವಲ್ಪ ಹೊತ್ತು ಎದುರಿಸಿ ನಿಂತು, ಆ ರಣದಲ್ಲೇ ಸತ್ತನು. ಆತನ ಶವವನ್ನು ಗುರುತಿಸಿ, ಒಂದು ಫಿರಂಗಿಗೆ ಕಟ್ಟಿ ಪಾಳೆಯಕ್ಕೆ ತಂದರು. ಮರದ ಕೊಂಬೆ ಮಾತ್ರ ತಪ್ಪಿತು.

ಈತನನ್ನು ಸ್ವಾತಂತ್ರ್ಯಕ್ಕಾಗಿ ಹೋರಾಡಿದ ವೀರನೆನ್ನಬೇಕೋ, ದರೋಡೆಗಾರನೆನ್ನಬೇಕೋ ಎಂದು ನಮ್ಮ ತರಗತಿಯಲ್ಲಿ ಒಂದು ದಿನ ಜೋರಾಗಿ ಚರ್ಚೆಯಾಯಿತು. ವೀರನೆಂದವರಿಗೇ ಹೆಚ್ಚು ಚಪ್ಪಾಳೆ ಬಿದ್ದಿತು. ಇಂಗ್ಲಿಷರಿಗೆ ತಲೆಬಾಗದ ಎದೆಗಾರಿಕೆ ಆತನಲ್ಲಿತ್ತು, ನಿಜ. ಆತನ ವಿಷಯವಾಗಿ ಬರೆದವರಲ್ಲಿ ಬಹುಮಂದಿ ಆತನನ್ನು ಕೊಂದವರ ಕಡೆಯವರೇ ಎಂಬುದೂ ನಿಜ. ಆದರೆ ನಮ್ಮ ಅಜ್ಜನ ಊರು ಹೊಳೆಹೊನ್ನೂರಿನ ಕಡೆ. ಅಲ್ಲಿಯ ಹಗೇವು ತೆರೆದು ಭತ್ತ ಹೊತ್ತೊಯ್ದವರು 1791ರಲ್ಲಿ ಮರಾಠರಾಗಿರಬಹುದು, 1799ರ ಜೂನಿನಲ್ಲಿ ಧೋಂಡಿಯನ ಸವಾರರಾಗಿರಬಹುದು, ಆಗಸ್ಟಿನಲ್ಲಿ ಕಂಪನಿಯ ಸಿಪಾಯಿಗಳಾಗಿರಬಹುದು. ಬಿತ್ತಿದವನಿಗೆ ಬಾವುಟ ಯಾವುದಾದರೇನು? ನಾನು ಎದ್ದು ಇದನ್ನೇ ಹೇಳಿದೆ. ನನಗೆ ಚಪ್ಪಾಳೆ ಬೀಳಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹೊಲದಲ್ಲಿ ನಿಂತವರ ಪರವಾಗಿ ಒಂದು ಮಾತು ಆಡುವುದು ನನ್ನ ಪಾಲಿಗೆ ಬಂದಿತೆಂದುಕೊಂಡೆನು.

ಕೊಣಗಲ್ಲಿನ ಕಾಳಗ ಮುಗಿದ ಮೇಲೆ ಸರಂಜಾಮುಗಳ ನಡುವೆ ನಾಲ್ಕು ವರ್ಷದ ಒಬ್ಬ ಬಾಲಕನು ಸಿಕ್ಕಿದನು. ಸಲಾಬತ್ ಖಾನ್ ಎಂದು ಹೆಸರು. ಧೋಂಡಿಯನ ಸಾಕುಮಗನೆಂದು ಹೇಳಲಾಗಿದೆ. ಸವಾರರು ಆತನನ್ನು ವೆಲ್ಲೆಸ್ಲಿಯ ಡೇರೆಗೆ ತಂದರು. ತಂದೆಯನ್ನು ಬೇಟೆಯಾಡಿದ ಮನುಷ್ಯನೇ ಮಗನನ್ನು ಬಳಿಯಲ್ಲಿಟ್ಟುಕೊಂಡು ಸಾಕಿದನು. 1805ರಲ್ಲಿ ಇಂಡಿಯಾ ದೇಶವನ್ನು ಬಿಡುವಾಗ ಆ ಹುಡುಗನ ಪಾಲನೆಗೆಂದು ಶ್ರೀರಂಗಪಟ್ಟಣದಲ್ಲಿ ಹಣವನ್ನಿಟ್ಟು ಹೋದನು. ಹುಡುಗನು ಬೆಳೆದು ಮೈಸೂರಿನ ಮಹಾರಾಜರ ಸೇವೆಗೆ ಸೇರಿ, 1822ರಲ್ಲಿ ಕಾಲರಾ ಬೇನೆಯಿಂದ ತೀರಿಕೊಂಡನು.