ಜನಗಣತಿಗೆ ವೇಗ ತಂದ ಹರ್ಮನ್ ಹೊಲೆರಿತ್

ಮಕ್ಕಳೇ, ನಿಮ್ಮ ಶಾಲೆಯ ದಾಖಲಾತಿ ಪುಸ್ತಕವನ್ನು ನೋಡಿದ್ದೀರಾ? ಅದರಲ್ಲಿ ಹೆಸರುಗಳು ಶಾಲೆಗೆ ಸೇರಿದ ಕ್ರಮದಲ್ಲಿರುತ್ತವೆ. ಒಂದು ಊರಿನ ಹೆಣ್ಣುಮಕ್ಕಳು ಎಷ್ಟೆಂದು ತಿಳಿಯಲು ಎಲ್ಲ ಪುಟಗಳನ್ನೂ ತಿರುವಬೇಕು. ನೂರು ಹೆಸರಾದರೆ ಸರಿ. ಐದು ಕೋಟಿ ಹೆಸರಿದ್ದರೆ? 1880ರ ಜನಗಣತಿಯಲ್ಲಿ ಅಮೆರಿಕಕ್ಕೆ ಇದೇ ಕಷ್ಟ ಎದುರಾಯಿತು. ಅದಕ್ಕೆ ಪರಿಹಾರ ಕಂಡುಹಿಡಿದವರು ಹರ್ಮನ್ ಹೊಲೆರಿತ್.

ಹೊಲೆರಿತ್ ಅಮೆರಿಕದ ಬಫಲೋ ನಗರದಲ್ಲಿ 1860ರ ಫೆಬ್ರವರಿ 29ರಂದು ಜನಿಸಿದರು. ತಂದೆತಾಯಿ ಜರ್ಮನಿಯಿಂದ ಬಂದು ನೆಲೆಸಿದವರು. ಶಾಲೆಯಲ್ಲಿ ಪದಗಳ ಸ್ಪೆಲಿಂಗ್ ಕಲಿಯಲು ಬಾಲಕ ಹರ್ಮನ್ ಬಹಳ ಕಷ್ಟಪಡುತ್ತಿದ್ದ. ಆದರೂ 19ನೇ ವಯಸ್ಸಿಗೆ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಎಂಜಿನಿಯರಿಂಗ್ ಪದವಿ ಪಡೆದರು. ನಂತರ ಜನಗಣತಿ ಕಚೇರಿಗೆ ಸೇರಿದರು.

ಅಲ್ಲಿ ಗುಮಾಸ್ತರು ಹಾಳೆಗಳನ್ನು ನೋಡುತ್ತಾ ಗೆರೆ ಎಳೆದು ಲೆಕ್ಕ ಹಾಕುತ್ತಿದ್ದರು. ಆ ಕೆಲಸಕ್ಕೆ ಏಳು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಜನಸಂಖ್ಯೆಯೋ ಏರುತ್ತಲೇ ಇತ್ತು. ಹೀಗಾದರೆ ಒಂದು ಗಣತಿ ಮುಗಿಯುವ ಮೊದಲೇ ಮುಂದಿನದು ಬರುವ ಭಯವಿತ್ತು. ಈ ಕೆಲಸವನ್ನು ಯಂತ್ರದಿಂದ ಮಾಡಿಸಬಹುದೆಂದು ಡಾ. ಜಾನ್ ಶಾ ಬಿಲ್ಲಿಂಗ್ಸ್ ಎಂಬ ವೈದ್ಯರು ಸೂಚಿಸಿದರು.

ಹೊಲೆರಿತ್ ಮೊದಲು ಉದ್ದನೆಯ ಕಾಗದದ ಪಟ್ಟಿಯಲ್ಲಿ ತೂತುಗಳನ್ನು ಮಾಡಿ ನೋಡಿದರು. ಆದರೆ ಬೇಕಾದ ಮಾಹಿತಿ ಸಿಗಲು ಇಡೀ ಪಟ್ಟಿಯನ್ನು ಓಡಿಸಬೇಕಾಗುತ್ತಿತ್ತು. ಒಮ್ಮೆ ರೈಲಿನಲ್ಲಿ ಟಿಕೆಟ್ ಪರೀಕ್ಷಕರು ಪ್ರಯಾಣಿಕರ ಕೂದಲು, ಕಣ್ಣಿನ ಬಣ್ಣವನ್ನು ಟಿಕೆಟ್ಟಿನಲ್ಲಿ ತೂತು ಹಾಕಿ ಗುರುತಿಸುವುದನ್ನು ಕಂಡದ್ದು ಅವರಿಗೆ ನೆನಪಾಯಿತು. ಒಬ್ಬರಿಗೆ ಒಂದು ಕಾರ್ಡ್ ಎಂದು ನಿರ್ಧರಿಸಿದರು. ಕಾರ್ಡುಗಳನ್ನು ಬೇಕಾದಂತೆ ವಿಂಗಡಿಸಬಹುದಲ್ಲವೇ?

ಅವರ ಯಂತ್ರದಲ್ಲಿ ಕಾರ್ಡನ್ನಿಟ್ಟು ಹಿಡಿ ಒತ್ತಿದರೆ ಲೋಹದ ಕಡ್ಡಿಗಳು ಕೆಳಗಿಳಿಯುತ್ತಿದ್ದವು. ತೂತು ಇದ್ದಲ್ಲಿ ಕಡ್ಡಿ ತೂರಿ, ಕೆಳಗಿನ ಪಾದರಸವನ್ನು ಮುಟ್ಟುತ್ತಿತ್ತು. ಆಗ ವಿದ್ಯುತ್ ಮಂಡಲ ಪೂರ್ಣಗೊಂಡು ಗಡಿಯಾರದಂತಹ ಮುಖಫಲಕದ ಮುಳ್ಳು ಒಂದು ಅಂಕೆ ಮುಂದೆ ಸರಿಯುತ್ತಿತ್ತು. ಜೊತೆಗೆ ವಿಂಗಡಣೆ ಪೆಟ್ಟಿಗೆಯ ಸರಿಯಾದ ಮುಚ್ಚಳವೂ ತೆರೆಯುತ್ತಿತ್ತು.

1889ರಲ್ಲಿ ಮೂರು ವಿಧಾನಗಳ ನಡುವೆ ಪರೀಕ್ಷೆ ನಡೆಯಿತು. 10,491 ಜನರ ಮಾಹಿತಿಯನ್ನು ಎಣಿಸಿ ಪಟ್ಟಿ ಮಾಡಲು ಉಳಿದೆರಡು ವಿಧಾನಗಳಿಗೆ 44 ಗಂಟೆಗೂ ಹೆಚ್ಚು ಕಾಲ ಬೇಕಾಯಿತು. ಹೊಲೆರಿತ್ ಯಂತ್ರ ಐದೂವರೆ ಗಂಟೆಯಲ್ಲಿ ಮುಗಿಸಿತು! 1890ರ ಗಣತಿಯಲ್ಲಿ 6.2 ಕೋಟಿಗೂ ಹೆಚ್ಚು ಜನರ ಮಾಹಿತಿಯನ್ನು ಈ ಯಂತ್ರಗಳೇ ಎಣಿಸಿದವು.

1896ರಲ್ಲಿ ಅವರು ಸ್ವಂತ ಕಂಪನಿ ಆರಂಭಿಸಿದರು. ಆದರೆ ಯಂತ್ರಗಳ ಬಾಡಿಗೆ ದುಬಾರಿಯೆಂದು ಜನಗಣತಿ ಕಚೇರಿಯೊಡನೆ ಮನಸ್ತಾಪವಾಯಿತು. 1910ರ ಗಣತಿಗೆ ಕಚೇರಿ ತನ್ನದೇ ಯಂತ್ರಗಳನ್ನು ಮಾಡಿಸಿಕೊಂಡಿತು. 1911ರಲ್ಲಿ ಹೊಲೆರಿತ್ ಕಂಪನಿ ಬೇರೆ ಕಂಪನಿಗಳೊಡನೆ ಸೇರಿತು. ಅದೇ 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಹೊಲೆರಿತ್ 1929ರ ನವೆಂಬರ್ 17ರಂದು ನಿಧನರಾದರು.

ಇಂದು ಕೋಟ್ಯಂತರ ಸಾಲುಗಳ ಮಾಹಿತಿ ಕಂಪ್ಯೂಟರಿನಲ್ಲಿದೆ. ಪ್ರತಿ ಪ್ರಶ್ನೆಗೂ ಎಲ್ಲ ಸಾಲುಗಳನ್ನು ಓದಿದರೆ ಅದೂ ನಿಧಾನವಾಗುತ್ತದೆ. ಅದಕ್ಕಾಗಿ ಯಾವ ಮಾಹಿತಿ ಎಲ್ಲಿದೆ ಎಂದು ತಿಳಿಸುವ ಸೂಚಿಯನ್ನು ಮೊದಲೇ ಸಿದ್ಧಪಡಿಸಿರುತ್ತಾರೆ. ಬೇಡದ್ದನ್ನು ಹುಡುಕದಿರುವುದೇ ಬೇಗ ಹುಡುಕುವ ಗುಟ್ಟು!

ಮಾಡಿ ನೋಡಿ: ತರಗತಿಯ ಪ್ರತಿಯೊಬ್ಬರಿಗೂ ಒಂದೇ ಅಳತೆಯ ರಟ್ಟಿನ ಕಾರ್ಡ್ ಮಾಡಿ. ಎಲ್ಲದರ ಮೇಲಂಚಿನ ಬಳಿ ಒಂದೇ ಜಾಗದಲ್ಲಿ ತೂತು ಮಾಡಿ. ಹುಡುಗಿಯರ ಕಾರ್ಡಿನಲ್ಲಿ ಮಾತ್ರ ತೂತಿನಿಂದ ಅಂಚಿನವರೆಗೆ ಕತ್ತರಿಸಿ ತೆಗೆಯಿರಿ. ಕಾರ್ಡುಗಳನ್ನು ಜೋಡಿಸಿ, ತೂತಿನಲ್ಲಿ ಕಡ್ಡಿ ತೂರಿಸಿ ಮೇಲೆತ್ತಿ ಅಲುಗಾಡಿಸಿ. ಯಾವ ಕಾರ್ಡುಗಳು ಕೆಳಗೆ ಬಿದ್ದವು?