ಬೆಳಕಿನ ಲೆಕ್ಕ ಇಟ್ಟ ವವಿಲೋವ್

ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ನನ್ನ ಕೆಲಸ. ಹೊಸ ರಾಸಾಯನಿಕದ ಮೇಲೆ ಬೆಳಕು ಹಾಯಿಸಿ, ಅದು ಹೀರಿಕೊಂಡ ಬೆಳಕಿನಲ್ಲಿ ಎಷ್ಟನ್ನು ಹೊಳಪಾಗಿ ಹಿಂದಿರುಗಿಸುತ್ತದೆ ಎಂದು ಅಳೆಯುತ್ತೇವೆ. ಇದೇ ಪ್ರತಿದೀಪ್ತಿಯ ಕ್ವಾಂಟಮ್ ಯೀಲ್ಡ್. ನೂರು ಫೋಟಾನ್ ಹೀರಿ ಐವತ್ತನಾಲ್ಕು ಹೊರಬಿಟ್ಟರೆ 0.54. ಆಮ್ಲದಲ್ಲಿ ಕರಗಿಸಿದ ಕ್ವಿನೈನ್ ಸಲ್ಫೇಟಿನದು ಹೆಚ್ಚುಕಮ್ಮಿ ಇಷ್ಟೇ. ಹೋಲಿಕೆಗೆ ಅದನ್ನೇ ಪಕ್ಕದಲ್ಲಿಟ್ಟುಕೊಳ್ಳುತ್ತೇವೆ. ದಿನವೂ ಮಾಡುವ ಈ ಲೆಕ್ಕಕ್ಕೆ ಅಡಿಪಾಯ ಹಾಕಿದವರು ರಷ್ಯಾದ ಸೆರ್ಗೇಯ್ ವವಿಲೋವ್. ಅವರ ಬದುಕಿನ ಕಥೆ ಓದಿದ ಮೇಲೆ ಈ ಕೆಲಸ ನನಗೆ ಬೇರೆಯಾಗಿಯೇ ಕಾಣುತ್ತಿದೆ.

ಸೆರ್ಗೇಯ್ ಹುಟ್ಟಿದ್ದು 1891ರಲ್ಲಿ, ಮಾಸ್ಕೋದ ವ್ಯಾಪಾರಿ ಕುಟುಂಬದಲ್ಲಿ. ಅಣ್ಣ ನಿಕೊಲಾಯ್ ಮೂರು ವರ್ಷಕ್ಕೂ ತುಸು ಹೆಚ್ಚು ದೊಡ್ಡವರು. ಅಣ್ಣ ಬೆಳೆಗಳ ಮೂಲ ಹುಡುಕುತ್ತ, ಬೀಜ ಸಂಗ್ರಹಿಸುತ್ತ ದೇಶದೇಶ ಸುತ್ತಿ ಜಗತ್ಪ್ರಸಿದ್ಧರಾದರು. ತಮ್ಮ ಭೌತಶಾಸ್ತ್ರ ಹಿಡಿದರು. 1914ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಓದು ಮುಗಿಸಿದವರನ್ನು ಮೊದಲ ಮಹಾಯುದ್ಧ ಸೇನೆಗೆ ಎಳೆದೊಯ್ದಿತು. ಪ್ರಯೋಗಾಲಯಕ್ಕೆ ಮರಳಿದ್ದು ಯುದ್ಧ ಮುಗಿದ ಮೇಲೆ.

ಬಣ್ಣದ ದ್ರಾವಣಗಳು ಹೀರಿದ ಬೆಳಕಿನಲ್ಲಿ ತೀರಾ ಅಲ್ಪ ಪಾಲನ್ನಷ್ಟೇ ಮರಳಿಸುತ್ತವೆ ಎಂಬ ನಂಬಿಕೆ ಆಗ ಇತ್ತು. ಅಳೆಯುವುದೂ ಸುಲಭವಿರಲಿಲ್ಲ. ಹೊಳಪು ಎಲ್ಲ ದಿಕ್ಕಿಗೂ ಚದುರುತ್ತದೆ, ಬಣ್ಣವೂ ಬದಲಾಗಿರುತ್ತದೆ. ವವಿಲೋವ್ ಸರಳ ಉಪಾಯ ಹೂಡಿದರು. ಮೆಗ್ನೀಸಿಯಂ ಆಕ್ಸೈಡ್ ಬಳಿದ ಬಿಳಿ ಹಲಗೆ ತನ್ನ ಮೇಲೆ ಬಿದ್ದ ಬೆಳಕನ್ನು ಬಹುತೇಕ ಪೂರ್ತಿ ಚದುರಿಸಿಬಿಡುತ್ತದೆ. ಅದರ ಬೆಳಕನ್ನು ಅಳತೆಗೋಲಾಗಿ ಇಟ್ಟುಕೊಂಡು ದ್ರಾವಣದ ಹೊಳಪನ್ನು ಹೋಲಿಸಿದರು. 1924ರಲ್ಲಿ ಪ್ರಕಟವಾದ ಫಲಿತಾಂಶ ಹಳೆಯ ನಂಬಿಕೆಯನ್ನು ಕೆಡವಿತು. ಫ್ಲೋರೆಸೀನ್ ಬಣ್ಣ ತಾನು ಹೀರಿದ್ದರಲ್ಲಿ ಹೆಚ್ಚಿನ ಪಾಲನ್ನು ಹಿಂದಿರುಗಿಸುತ್ತಿತ್ತು. ಹೀರಿಸುವ ಬೆಳಕಿನ ಬಣ್ಣವನ್ನು ಸಾಕಷ್ಟು ಬದಲಿಸಿದರೂ ಈ ಪ್ರಮಾಣ ಬದಲಾಗದು ಎಂದು ಮುಂದೆ ತೋರಿಸಿಕೊಟ್ಟರು. ನಾವು ಇಂದು ಒಂದು ಮಾದರಿಗೆ ಒಂದೇ ಸಂಖ್ಯೆ ಬರೆದುಕೊಡುವುದು ಅದೇ ನಿಯಮದ ಬಲದಿಂದ.

1930ರ ದಶಕದಲ್ಲಿ ಅವರ ಶಿಷ್ಯ ಚೆರೆಂಕೋವ್, ಗಾಮಾ ಕಿರಣ ತಾಗಿದ ಯುರೇನಿಯಂ ಲವಣದ ದ್ರಾವಣಗಳ ಹೊಳಪನ್ನು ಅಳೆಯುತ್ತಿದ್ದರು. ಕಣ್ಣೇ ಮಾಪಕ. ಕಣ್ಣು ಪಳಗಲಿ ಎಂದು ಮೊದಲು ಒಂದು ಗಂಟೆಗೂ ಹೆಚ್ಚು ಕಾಲ ಕತ್ತಲೆಯಲ್ಲಿ ಕೂರಬೇಕಿತ್ತು. ಲವಣವೇ ಇಲ್ಲದ ಶುದ್ಧ ದ್ರವದಲ್ಲೂ ಮಂದವಾದ ನೀಲಿ ಬೆಳಕು ಕಂಡಿತು. ಬಿಸಿ ಮಾಡಿದರೂ, ಹೊಳಪು ಅಡಗಿಸುವ ವಸ್ತು ಬೆರೆಸಿದರೂ ಅದು ಕುಂದಲಿಲ್ಲ. ಹಾಗಾದರೆ ಇದು ಪ್ರತಿದೀಪ್ತಿಯಲ್ಲ, ವೇಗದ ಎಲೆಕ್ಟ್ರಾನುಗಳ ಕೆಲಸ ಎಂದು ವವಿಲೋವ್ ಗುರುತಿಸಿದರು. ಆ ಶೋಧಕ್ಕೆ 1958ರಲ್ಲಿ ಚೆರೆಂಕೋವ್, ಟ್ಯಾಮ್, ಫ್ರಾಂಕ್ ಮೂವರಿಗೆ ನೊಬೆಲ್ ಬಂತು. ಅಷ್ಟರಲ್ಲಿ ವವಿಲೋವ್ ತೀರಿಕೊಂಡು ಏಳು ವರ್ಷವಾಗಿತ್ತು.

ಇನ್ನು ಮನೆಯ ಕಥೆ. ತಳಿವಿಜ್ಞಾನದ ಪರ ನಿಂತು ಲೈಸೆಂಕೊ ಬಣವನ್ನು ಎದುರು ಹಾಕಿಕೊಂಡಿದ್ದ ಅಣ್ಣನನ್ನು 1940ರ ಆಗಸ್ಟ್‌ನಲ್ಲಿ ಬಂಧಿಸಲಾಯಿತು. ಕೋಟ್ಯಂತರ ಜನರ ಹಸಿವು ನೀಗಿಸಲು ಬೀಜ ಕೂಡಿಟ್ಟ ನಿಕೊಲಾಯ್ 1943ರ ಜನವರಿ 26ರಂದು ಸರಾಟೋವ್ ಜೈಲಿನಲ್ಲಿ, ಹೊಟ್ಟೆಗಿಲ್ಲದೆ ಬಳಲಿ ಸತ್ತರು. ಎರಡೇ ವರ್ಷದಲ್ಲಿ, 1945ರಲ್ಲಿ, ಅದೇ ಸ್ಟಾಲಿನ್ ಆಡಳಿತ ತಮ್ಮನನ್ನು ವಿಜ್ಞಾನ ಅಕಾಡೆಮಿಯ ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿತು. ಅವರು ಒಪ್ಪಿದರು. ಸಭೆಗಳಲ್ಲಿ ಸ್ಟಾಲಿನ್‌ರನ್ನು ಹೊಗಳಿದರು. 1948ರಲ್ಲಿ ಅಣ್ಣನ ವಿಜ್ಞಾನಕ್ಕೇ ಅಕಾಡೆಮಿ ಬಾಗಿಲು ಮುಚ್ಚಿದಾಗಲೂ ಅವರೇ ಅಧ್ಯಕ್ಷರು. ಹೆದರಿ ತಲೆಬಾಗಿದರು ಎನ್ನುವವರಿದ್ದಾರೆ. ಆ ಜಾಗದಲ್ಲಿ ಕೂತು ಸಂಸ್ಥೆಗಳನ್ನೂ ವಿಜ್ಞಾನಿಗಳನ್ನೂ ಉಳಿಸಿದರು ಎನ್ನುವವರೂ ಇದ್ದಾರೆ. ಎರಡೂ ನಿಜವಿರಬಹುದು ಎಂದೇ ನನಗನಿಸುತ್ತದೆ.

1951ರ ಜನವರಿ 25ರಂದು ಸೆರ್ಗೇಯ್ ತೀರಿಕೊಂಡರು. ಅಣ್ಣ ಸತ್ತು ಎಂಟು ವರ್ಷ ತುಂಬಲು ಒಂದು ದಿನ ಬಾಕಿಯಿತ್ತು. ಅರವತ್ತೂ ತುಂಬಿರಲಿಲ್ಲ. ನಿಕೊಲಾಯ್ ನಿರಪರಾಧಿ ಎಂದು ಸರ್ಕಾರ ಒಪ್ಪಿದ್ದು 1955ರಲ್ಲಿ. ಅದನ್ನು ಕೇಳಲು ತಮ್ಮ ಇರಲಿಲ್ಲ.

ನಮ್ಮ ಉಪಕರಣದ ಗೋಳದ ಒಳಮೈಗೂ ಬಿಳಿ ಲೇಪನವಿದೆ, ವವಿಲೋವ್ ಹಲಗೆಯ ಹಾಗೆ. ಮಾದರಿ ಇಟ್ಟು ಮುಚ್ಚಳ ಹಾಕುವಾಗ ಈ ಅಣ್ಣತಮ್ಮಂದಿರು ನೆನಪಾಗುತ್ತಾರೆ. 0.54 ಎಂದು ವರದಿ ಬರೆಯುತ್ತೇನೆ. ಹೊಳಪಾಗಿ ಹೊರಬರದೆ ಒಳಗೇ ಉಳಿದುಹೋದ 0.46ಕ್ಕೆ ವರದಿಯಲ್ಲಿ ಕಾಲಮ್ ಇಲ್ಲ.